ಆಟಕ್ಕೆ ಮೂವತ್ತು ದಿನ, ಲೆಕ್ಕಕ್ಕೆ ಮುನ್ನೂರ ಅರವತ್ತೈದು ದಿನ

ಮ್ಯಾಂಚೆಸ್ಟರ್ ಸಿಟಿ ಕ್ರೀಡಾಂಗಣದ ಗುತ್ತಿಗೆ ಕರಾರು ವರ್ತಕರಿಗೆ ಹೇಳುವ ಪಾಠ

ಕಲ್ಯಾಣ ಮಂಟಪ ಕಟ್ಟಿಸಿದ ಯಾವ ವರ್ತಕರನ್ನು ಕೇಳಿದರೂ ಆಷಾಢ ಮಾಸದ ಕಷ್ಟವನ್ನು ಹೇಳುತ್ತಾರೆ. ಮುಹೂರ್ತಗಳಿರುವ ಕಾಲದಲ್ಲಿ ಒಂದೇ ದಿನಕ್ಕೆ ಮೂವರು ಮುಂಗಡ ಹಿಡಿದು ನಿಂತಿರುತ್ತಾರೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಕೇಳುವವರಿಲ್ಲ. ಆದರೆ ಕಾವಲುಗಾರನ ಸಂಬಳ, ವಿದ್ಯುತ್ತಿನ ಕನಿಷ್ಠ ಶುಲ್ಕ, ಆಸ್ತಿ ತೆರಿಗೆ, ಬ್ಯಾಂಕಿನ ಬಡ್ಡಿ ಇವು ಹನ್ನೆರಡು ತಿಂಗಳೂ ತಪ್ಪದೆ ಬರುತ್ತವೆ. ಮುಹೂರ್ತವಿಲ್ಲವೆಂದು ಬಡ್ಡಿ ನಿಲ್ಲುವುದಿಲ್ಲ.

ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣವೂ ಇಂಥದೇ ಒಂದು ಆಸ್ತಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ತಂಡಕ್ಕೆ ಒಂದು ಋತುವಿನಲ್ಲಿ ತವರಿನಲ್ಲಿ ಸಿಗುವ ಲೀಗ್ ಪಂದ್ಯಗಳು 19. ಇತರ ಪಂದ್ಯಾವಳಿಗಳನ್ನು ಸೇರಿಸಿದರೆ 25ರಿಂದ 30 ದಿನ. ಉಳಿದ ದಿನಗಳಲ್ಲಿ ಅರ್ಧ ಲಕ್ಷ ಆಸನಗಳು ಖಾಲಿ. ಹುಲ್ಲನ್ನು ಮಾತ್ರ ದಿನವೂ ನೋಡಿಕೊಳ್ಳಬೇಕು. ಇಷ್ಟು ಕಡಿಮೆ ದಿನ ದುಡಿಯುವ ಯಂತ್ರವನ್ನು ನಮ್ಮ ಸದಸ್ಯರಲ್ಲಿ ಯಾರೂ ತಮ್ಮ ಕಾರ್ಖಾನೆಗೆ ತರಿಸಿಕೊಳ್ಳಲಾರರು.

ಹಾಗಿದ್ದೂ ಇಂತಹ ಆಸ್ತಿಯೊಂದನ್ನು ಸಾರ್ವಜನಿಕರ ಹಣದಿಂದ ಕಟ್ಟಿ, ಖಾಸಗಿ ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟು, ಅದರ ಸುತ್ತ ಒಂದು ಹೊಸ ಬಡಾವಣೆಯನ್ನೇ ಬೆಳೆಸಿದ ಊರು ಮ್ಯಾಂಚೆಸ್ಟರ್. ಅಲ್ಲಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಕ್ರೀಡಾಂಗಣ, ತರಬೇತಿ ಆವರಣ ಮತ್ತು ಸುತ್ತಲಿನ ಕಟ್ಟಡಗಳ ಕಥೆಯನ್ನು ಕ್ರೀಡಾ ಪುಟಗಳಲ್ಲಿ ಬಹಳ ಜನ ಓದಿರಬಹುದು. ಅದನ್ನು ಲೆಕ್ಕಪರಿಶೋಧಕನ ಕಣ್ಣಿನಿಂದ ನೋಡಿ, ಆಸ್ತಿ ಯಾರದು, ಬಾಡಿಗೆ ಎಷ್ಟು, ಬೆಳವಣಿಗೆಯ ಲಾಭ ಯಾರ ಪಾಲಿಗೆ ಎಂಬ ಮೂರು ಪ್ರಶ್ನೆಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಮೊತ್ತಗಳನ್ನು ಪೌಂಡ್‌ಗಳಲ್ಲಿಯೇ ಕೊಟ್ಟಿದೆ. ಓದುಗರು ಸ್ಥೂಲವಾಗಿ ಒಂದು ಪೌಂಡಿಗೆ ನೂರು ರೂಪಾಯಿಗೂ ಮೇಲೆ ಎಂದು ಹಿಡಿದುಕೊಂಡರೆ ಸಾಕು.

ಗಣಿ ಮುಚ್ಚಿದ ನೆಲ

ದಾವಣಗೆರೆಯನ್ನು ನಾವು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಾ ಬಂದಿದ್ದೇವೆ. ಅಲ್ಲಿಯ ಹತ್ತಿ ಗಿರಣಿಗಳು ಬಾಗಿಲು ಹಾಕಿದಾಗ ಆ ಊರಿನ ವ್ಯಾಪಾರಕ್ಕೆ ಬಿದ್ದ ಪೆಟ್ಟು ನಮ್ಮ ಹಿರಿಯ ಸದಸ್ಯರಿಗೆ ನೆನಪಿದೆ. ಹೆಸರು ಕೊಟ್ಟ ಊರು ಇದೇ ಪೆಟ್ಟನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ತಿಂದಿತ್ತು. ಪೂರ್ವ ಮ್ಯಾಂಚೆಸ್ಟರಿನಲ್ಲಿ ಬ್ರಾಡ್‌ಫೋರ್ಡ್ ಎಂಬ ಕಲ್ಲಿದ್ದಲು ಗಣಿ ಇತ್ತು, 1968ರಲ್ಲಿ ಮುಚ್ಚಿತು. ಗಾರ್ಟನ್‌ನಲ್ಲಿ ಬೇಯರ್ ಪೀಕಾಕ್ ಕಂಪನಿಯ ಉಗಿಬಂಡಿ ಕಾರ್ಖಾನೆ ಇತ್ತು; 1966ರಲ್ಲಿ ಮುಚ್ಚಿತು. 1876ರಲ್ಲಿ ಆರಂಭವಾದ ಕ್ಲೇಟನ್ ಅನಿಲಿನ್ ಎಂಬ ಬಣ್ಣದ ಕಾರ್ಖಾನೆ ಹೇಗೋ 2007ರವರೆಗೆ ಉಳಿದುಕೊಂಡಿತು. ಉದ್ಯೋಗ ಹೋದ ಹಿಂದೆಯೇ ಜನ ಹೋದರು, ಜನರ ಹಿಂದೆ ಅಂಗಡಿಗಳು ಹೋದವು. ಉಳಿದದ್ದು ಗಣಿ ಗುಂಡಿಗಳು ಮತ್ತು ರಾಸಾಯನಿಕ ಇಂಗಿದ ಮಣ್ಣು.

ಅಂತಹ ನೆಲವನ್ನು ಯಾವ ಖಾಸಗಿ ಹೂಡಿಕೆದಾರನೂ ಮೊದಲು ಮುಟ್ಟುವುದಿಲ್ಲ. ಆದ್ದರಿಂದ ನಗರ ಪಾಲಿಕೆಯೇ ಕ್ರೀಡೆಯನ್ನು ನೆಪವಾಗಿಟ್ಟುಕೊಂಡು ಮುಂದೆ ಬಂತು. 1996 ಮತ್ತು 2000ದ ಒಲಿಂಪಿಕ್ಸ್‌ಗಾಗಿ ಮ್ಯಾಂಚೆಸ್ಟರ್ ಹಾಕಿದ ಎರಡೂ ಅರ್ಜಿಗಳು ಬಿದ್ದುಹೋದವು. ಆದರೂ ಆ ಪ್ರಯತ್ನದ ಫಲವಾಗಿ ಹಳೆಯ ವಿದ್ಯುತ್ ಸ್ಥಾವರವಿದ್ದ ಜಾಗದಲ್ಲಿ ಒಳಾಂಗಣ ಸೈಕಲ್ ಪಂದ್ಯಗಳ ಅಂಕಣ 1994ರಲ್ಲಿ ತೆರೆಯಿತು. 1995ರಲ್ಲಿ ಮ್ಯಾಂಚೆಸ್ಟರಿಗೆ 2002ರ ಕಾಮನ್‌ವೆಲ್ತ್ ಕ್ರೀಡಾಕೂಟ ದೊರೆಯಿತು. ಹಳೆಯ ಗಣಿಯ ಮೇಲೆಯೇ ಕ್ರೀಡಾಂಗಣ ಕಟ್ಟಲು ತೀರ್ಮಾನವಾಯಿತು. 1999ರ ಡಿಸೆಂಬರಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ಅಡಿಗಲ್ಲು ಇಟ್ಟರು. ವೆಚ್ಚ ಸುಮಾರು 11.2 ಕೋಟಿ ಪೌಂಡ್. ಅದರಲ್ಲಿ ಸುಮಾರು 7.7 ಕೋಟಿ ರಾಷ್ಟ್ರೀಯ ಲಾಟರಿಯ ಹಣದಿಂದ ಸ್ಪೋರ್ಟ್ ಇಂಗ್ಲೆಂಡ್ ಎಂಬ ಸಂಸ್ಥೆಯ ಮೂಲಕ ಬಂದಿತು, ಉಳಿದದ್ದು ಪಾಲಿಕೆಯದು.

ಅಡಿಗಲ್ಲಿಗೆ ಮೊದಲೇ ಬಾಡಿಗೆದಾರ

ಕ್ರೀಡಾಕೂಟ ನಡೆಯುವುದು ಹನ್ನೊಂದು ದಿನ. ಹನ್ನೆರಡನೆಯ ದಿನ ಈ ಕಟ್ಟಡ ಯಾರ ಕೈಗೆ? ಮ್ಯಾಂಚೆಸ್ಟರ್ ಪಾಲಿಕೆಯ ಜಾಣತನವಿರುವುದು ಈ ಪ್ರಶ್ನೆಗೆ ಉತ್ತರವನ್ನು ಅಡಿಗಲ್ಲಿಗೆ ಮೊದಲೇ ಹುಡುಕಿಕೊಂಡದ್ದರಲ್ಲಿ. 1999ರಲ್ಲಿಯೇ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಬಾಡಿಗೆದಾರನಾಗಿ ಬರಲು ಒಪ್ಪಿತು.

ಆಗ ಆ ಬಾಡಿಗೆದಾರನ ಸ್ಥಿತಿ ಹೇಗಿತ್ತು ಎಂಬುದು ಗಮನಾರ್ಹ. 1998-99ರಲ್ಲಿ ಆ ಕ್ಲಬ್ ಇಂಗ್ಲಿಷ್ ಫುಟ್‌ಬಾಲಿನ ಮೂರನೆಯ ದರ್ಜೆಗೆ ಕುಸಿದಿತ್ತು. 1999ರ ಮೇ ತಿಂಗಳಲ್ಲಿ ಜಿಲ್ಲಿಂಗ್‌ಹ್ಯಾಮ್ ತಂಡದ ಎದುರು ಪೆನಾಲ್ಟಿ ಒದೆತಗಳಲ್ಲಿ ಗೆದ್ದು ಹೇಗೋ ಎರಡನೆಯ ದರ್ಜೆಗೆ ಏರಿತು. ಸಾಲ ಕೊಡುವ ಬ್ಯಾಂಕಿನವರು ಇಂತಹ ಅರ್ಜಿದಾರನ ಕಡತವನ್ನು ಬದಿಗಿಡುತ್ತಿದ್ದರು. ಆದರೆ ಮೂರನೆಯ ದರ್ಜೆಯಲ್ಲಿಯೂ ಆ ಕ್ಲಬ್ಬಿನ ತವರು ಪಂದ್ಯಗಳಿಗೆ ಸರಾಸರಿ ಸುಮಾರು 28 ಸಾವಿರ ಜನ ಬರುತ್ತಿದ್ದರು. ಸೋಲುವಾಗಲೂ ಬಿಟ್ಟುಹೋಗದ ಗಿರಾಕಿಗಳು ಯಾವ ಅಢಾವೆ ಪತ್ರಿಕೆಯಲ್ಲೂ ಕಾಣಿಸುವುದಿಲ್ಲ. ಆದರೂ ಬಾಡಿಗೆದಾರನ ನಿಜವಾದ ಆಸ್ತಿ ಅದೇ.

ಬಾಡಿಗೆದಾರ ಮೊದಲೇ ಗೊತ್ತಿದ್ದುದರಿಂದ ನಕ್ಷೆಯೂ ಅವನಿಗೆ ಹೊಂದುವಂತೆಯೇ ತಯಾರಾಯಿತು. ಕ್ರೀಡಾಕೂಟದ ಸಮಯದಲ್ಲಿ ಆಸನಗಳು ಸುಮಾರು 38 ಸಾವಿರ. ಒಂದು ತುದಿಯ ಗ್ಯಾಲರಿ ತಾತ್ಕಾಲಿಕ. ಕೂಟ ಮುಗಿದೊಡನೆ ಓಟದ ಹಾದಿಯನ್ನು ಕಿತ್ತು, ಮೈದಾನದ ಮಟ್ಟವನ್ನು ಆಳಕ್ಕೆ ಅಗೆದು, ಕೆಳಗಿನ ಹಂತದ ಆಸನಗಳನ್ನು ಸೇರಿಸಿ, ತಾತ್ಕಾಲಿಕ ಗ್ಯಾಲರಿಯ ಸ್ಥಾನದಲ್ಲಿ ಕಾಯಂ ಗ್ಯಾಲರಿ ಕಟ್ಟಲಾಯಿತು. 2003ರ ಆಗಸ್ಟಿನಲ್ಲಿ ಸುಮಾರು 48 ಸಾವಿರ ಆಸನಗಳ ಫುಟ್‌ಬಾಲ್ ಕ್ರೀಡಾಂಗಣ ತೆರೆಯಿತು. ಮಾರ್ಪಾಡಿಗೆ ಪಾಲಿಕೆ ಸುಮಾರು 2.2 ಕೋಟಿ ಪೌಂಡ್ ಹಾಕಿದರೆ, ಉಪಾಹಾರ ಗೃಹ, ಕಚೇರಿ ಮೊದಲಾದ ಒಳಗಿನ ಸಜ್ಜಿಗೆ ಕ್ಲಬ್ ಸುಮಾರು 2 ಕೋಟಿ ಹಾಕಿತು. 1923ರಿಂದ ತಾನು ಆಡುತ್ತಿದ್ದ ಮೇನ್ ರೋಡ್ ಮೈದಾನವನ್ನು ಕ್ಲಬ್ ಪಾಲಿಕೆಗೆ ಒಪ್ಪಿಸಿತು. 2004ರಲ್ಲಿ ಅದನ್ನು ಕೆಡವಿ ಮುಂದೆ ಮನೆಗಳಿಗೆ ಜಾಗ ಮಾಡಲಾಯಿತು.

ಹೊಸ ಕ್ರೀಡಾಂಗಣದ ಗುತ್ತಿಗೆ ಅವಧಿ 250 ವರ್ಷ. ಹನ್ನೊಂದು ತಿಂಗಳ ಕರಾರಿಗೆ ಒಗ್ಗಿಹೋಗಿರುವ ನಮ್ಮ ಅಂಗಡಿ ಬಾಡಿಗೆದಾರರಿಗೆ ಈ ಸಂಖ್ಯೆ ಅಚ್ಚರಿ ತರಬಹುದು. ಅಷ್ಟು ದೀರ್ಘಾವಧಿಯ ಗುತ್ತಿಗೆ ವ್ಯವಹಾರದ ದೃಷ್ಟಿಯಿಂದ ಒಡೆತನಕ್ಕೆ ಬಹಳ ಹತ್ತಿರದ್ದು. ಹೆಸರಿಗೆ ಮಾತ್ರ ಮಾಲೀಕ ಬೇರೆ.

ಲಂಡನ್ ಕಲಿತ ಪಾಠ

ಇದರ ವಿರುದ್ಧ ನಿದರ್ಶನ ಅದೇ ದೇಶದಲ್ಲಿದೆ. ಲಂಡನ್ನಿನಲ್ಲಿ 2012ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣಕ್ಕೆ ಮುಂದಿನ ಬಾಡಿಗೆದಾರ ಯಾರೆಂಬುದು ಕಟ್ಟುವಾಗ ನಿಶ್ಚಯವಾಗಿರಲಿಲ್ಲ. ವೆಸ್ಟ್ ಹ್ಯಾಮ್ ಕ್ಲಬ್ಬಿಗೆ ಅದು ಖಚಿತವಾಗಿ ದೊರೆತದ್ದು ಕೂಟ ಮುಗಿದ ಮೇಲೆ, 2013ರಲ್ಲಿ. ಓಟದ ಹಾದಿಯನ್ನೂ ಉಳಿಸಿಕೊಂಡು ಫುಟ್‌ಬಾಲಿಗೂ ಹೊಂದಿಸಹೊರಟಾಗ ಚಾವಣಿ ಬದಲಾಯಿಸಬೇಕಾಯಿತು, ಜರುಗಿಸಬಲ್ಲ ಆಸನಗಳನ್ನು ಹಾಕಬೇಕಾಯಿತು. ಮಾರ್ಪಾಡಿನ ವೆಚ್ಚವೊಂದೇ ಸುಮಾರು 32.3 ಕೋಟಿ ಪೌಂಡ್‌ಗೆ ಏರಿತು. ಮ್ಯಾಂಚೆಸ್ಟರಿನಲ್ಲಿ ಇಡೀ ಕ್ರೀಡಾಂಗಣಕ್ಕೆ ಆದ ವೆಚ್ಚದ ಎರಡೂವರೆ ಪಟ್ಟಿಗೂ ಮಿಗಿಲು. ಇದರಲ್ಲಿ ಕ್ಲಬ್ ಕೊಟ್ಟದ್ದು 1.5 ಕೋಟಿ. ವಾರ್ಷಿಕ ಬಾಡಿಗೆ ಸುಮಾರು 25 ಲಕ್ಷ ಪೌಂಡ್, ಅವಧಿ 99 ವರ್ಷ.

ಲಂಡನ್ನಿನ ಮೇಯರ್ ಸಾದಿಕ್ ಖಾನ್ ಈ ವ್ಯವಹಾರದ ಪರಿಶೀಲನೆಯನ್ನು ಮೂರ್ ಸ್ಟೀಫನ್ಸ್ ಎಂಬ ಲೆಕ್ಕಪರಿಶೋಧಕರ ಸಂಸ್ಥೆಗೆ ಒಪ್ಪಿಸಿದರು. 2017ರ ಡಿಸೆಂಬರಿನಲ್ಲಿ ಹೊರಬಂದ ವರದಿ, ಪಂದ್ಯದ ದಿನದ ಕಾವಲು ಮತ್ತು ನಿರ್ವಹಣೆಯ ಖರ್ಚಿನ ಬಹುಭಾಗ ಮಾಲೀಕನ ತಲೆಗೇ ಬಿದ್ದಿರುವುದನ್ನು ಬಯಲುಮಾಡಿತು. ಬಾಡಿಗೆ ಬರುವುದಕ್ಕಿಂತ ಹೆಚ್ಚು ಖರ್ಚಾಗುವ ಮನೆಯನ್ನು ಬಾಡಿಗೆಗೆ ಕೊಟ್ಟಂತಾಯಿತು. ಇಂಜಿನಿಯರರ ಕೆಲಸದಲ್ಲಿ ಕೊರತೆಯಿರಲಿಲ್ಲ. ಕಟ್ಟಡ ಮುಗಿದ ಮೇಲೆ ಚೌಕಾಸಿಗೆ ಕುಳಿತ ಮಾಲೀಕನ ಕೈಯಲ್ಲಿ ಬಲವಿರಲಿಲ್ಲ. ಕಟ್ಟಡ ಖಾಲಿ ಬಿದ್ದಿದೆಯೆಂಬುದು ಎದುರಿನವನಿಗೆ ಗೊತ್ತಿತ್ತು.

ಪಾಲೋ, ಗೇಣಿಯೋ?

ಮ್ಯಾಂಚೆಸ್ಟರಿನ ಮೂಲ ಕರಾರಿನಲ್ಲಿ ಬಾಡಿಗೆಯ ಸೂತ್ರ ಹೀಗಿತ್ತು: ಪಂದ್ಯವೊಂದಕ್ಕೆ 35 ಸಾವಿರಕ್ಕಿಂತ ಹೆಚ್ಚು ಜನ ಬಂದರೆ, ಆ ಹೆಚ್ಚುವರಿ ಟಿಕೆಟ್ ಹಣದಲ್ಲಿ ಅರ್ಧ ಪಾಲಿಕೆಗೆ. ನಮ್ಮ ಹಳ್ಳಿಗಳಲ್ಲಿ ಹೊಲವನ್ನು ಕೋರಿಗೆ ಕೊಡುವ ಪದ್ಧತಿಯನ್ನು ಇದು ಹೋಲುತ್ತದೆ. ಬೆಳೆ ಬಂದರೆ ಇಬ್ಬರಿಗೂ ಪಾಲು, ಬಾರದಿದ್ದರೆ ಇಬ್ಬರಿಗೂ ಇಲ್ಲ. ದುರ್ಬಲ ಬಾಡಿಗೆದಾರನಿಗೆ ಇದು ಸಹ್ಯವಾದ ಹೊರೆ. ಇಂದು ಮಾಲ್‌ಗಳಲ್ಲಿ ಅಂಗಡಿ ಹಿಡಿದಿರುವ ನಮ್ಮ ಸದಸ್ಯರಿಗೂ ಮಾರಾಟದ ಪಾಲನ್ನು ಬಾಡಿಗೆಯಾಗಿ ಕೊಡುವ ಕ್ರಮ ಪರಿಚಿತ.

2008ರ ಸೆಪ್ಟೆಂಬರಿನಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಅವರ ಸಂಸ್ಥೆ ಕ್ಲಬ್ಬನ್ನು ಕೊಂಡುಕೊಂಡಿತು. ಬಡ ಬಾಡಿಗೆದಾರ ಒಮ್ಮೆಲೇ ಊರಿನ ದೊಡ್ಡ ಧನಿಕನಾದ. 2010ರ ಅಕ್ಟೋಬರಿನಲ್ಲಿ ಕರಾರು ಬದಲಾಯಿತು. ಪಾಲಿನ ಬದಲು ವರ್ಷಕ್ಕೆ 30 ಲಕ್ಷ ಪೌಂಡ್ ನಿಗದಿತ ಬಾಡಿಗೆ. ಪ್ರತಿಯಾಗಿ ಕ್ರೀಡಾಂಗಣಕ್ಕೆ ಹೆಸರಿಡುವ ಹಕ್ಕು ಕ್ಲಬ್ಬಿಗೆ. ಅಂದರೆ ಕೋರು ಹೋಗಿ ಗೇಣಿ ಬಂತು.

ಈ ಬದಲಾವಣೆ ಯಾರಿಗೆ ಲಾಭ? ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಪಂದ್ಯಕ್ಕೆ 47 ಸಾವಿರ ಜನ, ಹೆಚ್ಚುವರಿ ಟಿಕೆಟ್ 12 ಸಾವಿರ, ಲೀಗ್ ಪಂದ್ಯ 19, ಟಿಕೆಟ್ ದರ ಸರಾಸರಿ 25 ಪೌಂಡ್ ಎಂದು ಹಿಡಿಯಿರಿ. ಹೆಚ್ಚುವರಿ ಆದಾಯ 57 ಲಕ್ಷ, ಅದರ ಅರ್ಧ 28.5 ಲಕ್ಷ ಪೌಂಡ್. 30 ಲಕ್ಷದ ನಿಗದಿತ ಬಾಡಿಗೆ ಆ ದಿನದ ಮಟ್ಟಿಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಜನ 53 ಸಾವಿರ, ದರ 40 ಪೌಂಡ್ ಎಂದು ಹಿಡಿದರೆ ಅರ್ಧ ಪಾಲು 68.4 ಲಕ್ಷಕ್ಕೆ ಏರುತ್ತದೆ. ಪಾಲಿಕೆ ನಿಶ್ಚಿತತೆಯನ್ನು ಕೊಂಡು ಬೆಳವಣಿಗೆಯನ್ನು ಮಾರಿತು. ಮಾರಿದ ವಸ್ತುಗಳಲ್ಲಿ ಹೆಸರಿನ ಹಕ್ಕೂ ಸೇರಿತ್ತು. 2011ರ ಜುಲೈನಲ್ಲಿ ಎತಿಹಾದ್ ವಿಮಾನ ಸಂಸ್ಥೆಯೊಡನೆ ಕ್ಲಬ್ ಮಾಡಿಕೊಂಡ ಹತ್ತು ವರ್ಷಗಳ ಒಪ್ಪಂದದ ಮೌಲ್ಯ ಸುಮಾರು 40 ಕೋಟಿ ಪೌಂಡ್ ಎಂದು ಆಗ ವರದಿಯಾಯಿತು. ಅಂಗಿಯ ಮೇಲಿನ ಹೆಸರು, ಕ್ರೀಡಾಂಗಣ, ಆವರಣ ಮೂರೂ ಅದರಲ್ಲಿ ಅಡಕ.

ಇನ್ನೊಂದು ಪಕ್ಕವನ್ನೂ ನೋಡುವುದು ನ್ಯಾಯ. 2015ರಲ್ಲಿ ಕ್ಲಬ್ ದಕ್ಷಿಣದ ಗ್ಯಾಲರಿಗೆ ಮೂರನೆಯ ಹಂತ ಸೇರಿಸಿ, ಆರು ಸಾವಿರಕ್ಕೂ ಹೆಚ್ಚು ಆಸನ ಹೆಚ್ಚಿಸಿತು. ಹೆಚ್ಚುವ ಪ್ರತಿ ಟಿಕೆಟ್ಟಿನಲ್ಲಿ ಅರ್ಧ ಮಾಲೀಕನಿಗೆ ಹೋಗುವುದಾಗಿದ್ದರೆ ಯಾವ ಬಾಡಿಗೆದಾರ ಸ್ವಂತ ಹಣ ಹಾಕಿ ಆಸನ ಕಟ್ಟಿಸಿಯಾನು? ಕೋರಿನ ಹೊಲಕ್ಕೆ ರೈತ ತನ್ನ ಖರ್ಚಿನಲ್ಲಿ ಬಾವಿ ತೋಡಿಸುವುದಿಲ್ಲ. ಪಾಲಿನ ಬಾಡಿಗೆ ಬಾಡಿಗೆದಾರನನ್ನು ಕಷ್ಟದಲ್ಲಿ ಕಾಪಾಡುತ್ತದೆ, ಆದರೆ ಹೂಡಿಕೆಗೆ ಅಡ್ಡಿಯಾಗುತ್ತದೆ. ನಿಗದಿತ ಬಾಡಿಗೆ ಹೂಡಿಕೆಗೆ ದಾರಿ ಬಿಡುತ್ತದೆ, ಆದರೆ ಮಾಲೀಕನನ್ನು ಮುಂದಿನ ಲಾಭದಿಂದ ಹೊರಗಿಡುತ್ತದೆ. ಇವೆರಡರ ನಡುವೆ ನಿಯತಕಾಲಿಕ ಪರಿಷ್ಕರಣೆಯ ಷರತ್ತು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಮಾಲೀಕನ ಭವಿಷ್ಯ ನಿಂತಿರುತ್ತದೆ.

ಎತಿಹಾದ್ ಒಪ್ಪಂದದ ಬಗ್ಗೆ ಲೆಕ್ಕಪರಿಶೋಧಕನಾಗಿ ಒಂದು ಮಾತು ಹೇಳಲೇಬೇಕು. ಆ ವಿಮಾನ ಸಂಸ್ಥೆಯ ಒಡೆತನವೂ ಅಬುಧಾಬಿಯದು, ಕ್ಲಬ್ಬಿನ ಒಡೆಯರೂ ಅಬುಧಾಬಿಯವರು. ಸಂಬಂಧಿತರ ನಡುವಿನ ವಹಿವಾಟಿನಲ್ಲಿ ಬೆಲೆ ಮಾರುಕಟ್ಟೆಯ ಬೆಲೆಯೇ ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲೂ ಏಳುತ್ತದೆ. ಪ್ರಾಯೋಜಕರ ಹಣದ ಮೂಲ ಕುರಿತ ತಕರಾರಿನಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ 2020ರ ಫೆಬ್ರವರಿಯಲ್ಲಿ ಕ್ಲಬ್ಬಿಗೆ ಎರಡು ವರ್ಷಗಳ ನಿಷೇಧ ಹೇರಿತು. ಅದೇ ಜುಲೈನಲ್ಲಿ ಕ್ರೀಡಾ ವ್ಯಾಜ್ಯಗಳ ಅಂತರರಾಷ್ಟ್ರೀಯ ನ್ಯಾಯಮಂಡಳಿ ನಿಷೇಧವನ್ನು ತೆಗೆದುಹಾಕಿ, ತನಿಖೆಗೆ ಸಹಕರಿಸದ ಕಾರಣಕ್ಕೆ ಒಂದು ಕೋಟಿ ಯೂರೋ ದಂಡವನ್ನು ಉಳಿಸಿತು. 2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್ ನೂರಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿದಾಗ ಕ್ಲಬ್ ಅವುಗಳನ್ನು ನಿರಾಕರಿಸಿತು. ಅಣ್ಣನ ಅಂಗಡಿಯಿಂದ ತಮ್ಮನ ಕಾರ್ಖಾನೆಗೆ ಸರಕು ಹೋಗುವ ನಮ್ಮ ಕುಟುಂಬದ ಉದ್ಯಮಗಳೂ ಕಾಗದಪತ್ರಗಳನ್ನು ಏಕೆ ಸರಿಯಾಗಿ ಇಟ್ಟುಕೊಳ್ಳಬೇಕು ಎಂಬುದಕ್ಕೆ ಇಷ್ಟು ಸಾಕು.

ತರಬೇತಿ ಆವರಣವೆಂಬ ಉತ್ಪಾದನಾ ಘಟಕ

ಬಣ್ಣದ ಕಾರ್ಖಾನೆ ಮುಚ್ಚಿದ ನೆಲವನ್ನು ಶುದ್ಧಗೊಳಿಸಿ, ಸುಮಾರು 80 ಎಕರೆಯಲ್ಲಿ ಕ್ಲಬ್ ತನ್ನ ತರಬೇತಿ ಆವರಣವನ್ನು ಕಟ್ಟಿತು. 2014ರ ಡಿಸೆಂಬರಿನಲ್ಲಿ ಅದು ತೆರೆಯಿತು. ವೆಚ್ಚ ಸುಮಾರು 20 ಕೋಟಿ ಪೌಂಡ್ ಎಂದು ವರದಿಯಾಗಿತ್ತು. ಹದಿನಾರೂವರೆ ಮೈದಾನಗಳು, ಆ ಅರ್ಧ ಮೈದಾನ ಗೋಲ್‌ಕೀಪರುಗಳ ಅಭ್ಯಾಸಕ್ಕೆ. ಏಳು ಸಾವಿರ ಆಸನಗಳ ಚಿಕ್ಕ ಕ್ರೀಡಾಂಗಣದಲ್ಲಿ ಮಹಿಳಾ ತಂಡ ಮತ್ತು ಕಿರಿಯರ ಪಂದ್ಯಗಳು ನಡೆಯುತ್ತವೆ. ದೊಡ್ಡ ಕ್ರೀಡಾಂಗಣಕ್ಕೂ ಈ ಆವರಣಕ್ಕೂ ರಸ್ತೆಯ ಮೇಲೊಂದು ಸೇತುವೆಯಿದೆ. ಐದೂವರೆ ಎಕರೆಯನ್ನು ಊರಿನ ಬಳಕೆಗೆ ಬಿಟ್ಟುಕೊಡಲಾಯಿತು. ಅಲ್ಲಿ ಕಾಲೇಜು, ಈಜುಕೊಳ, ವ್ಯಾಯಾಮ ಕೇಂದ್ರಗಳು ಬಂದವು.

ಟಿಕೆಟ್ ಮಾರದ ಈ ಆವರಣಕ್ಕೆ ಇಷ್ಟು ಹಣ ಏಕೆ? ಉತ್ತರ ಲೆಕ್ಕದ ನಿಯಮಗಳಲ್ಲಿದೆ. ಬಂದದ್ದಕ್ಕಿಂತ ಬಹಳ ಹೆಚ್ಚು ಖರ್ಚು ಮಾಡಬಾರದೆಂದು ಯುರೋಪಿನ ಒಕ್ಕೂಟ 2011ರಿಂದ ಕ್ಲಬ್ಬುಗಳಿಗೆ ಕಟ್ಟುಪಾಡು ಹಾಕಿತು. ಆದರೆ ಕ್ರೀಡಾಂಗಣ, ತರಬೇತಿ ಕೇಂದ್ರ ಮತ್ತು ಕಿರಿಯರ ತರಬೇತಿಯ ವೆಚ್ಚವನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಹಣವಿದ್ದೂ ಆಟಗಾರರ ಮೇಲೆ ಮನಬಂದಂತೆ ಸುರಿಯಲಾಗದ ಒಡೆಯನಿಗೆ ಇದು ತೆರೆದ ಬಾಗಿಲು.

ಎರಡನೆಯ ಕಾರಣ ನಮ್ಮ ಉತ್ಪಾದಕರಿಗೆ ಬೇಗ ಅರ್ಥವಾಗುತ್ತದೆ. ಹೊರಗಿನಿಂದ 5 ಕೋಟಿ ಪೌಂಡ್ ಕೊಟ್ಟು ಐದು ವರ್ಷಗಳ ಕರಾರಿಗೆ ಆಟಗಾರನನ್ನು ತಂದರೆ, ಆ ಮೊತ್ತ ಅಮೂರ್ತ ಆಸ್ತಿಯಾಗಿ ಪುಸ್ತಕ ಸೇರಿ, ವರ್ಷಕ್ಕೆ 1 ಕೋಟಿಯಂತೆ ಸವಕಳಿಯ ಹಾಗೆ ಲಾಭವನ್ನು ಕಡಿಮೆ ಮಾಡುತ್ತದೆ. ಎರಡು ವರ್ಷದ ನಂತರ ಮಾರಿದರೆ ಪುಸ್ತಕದ ಬೆಲೆ 3 ಕೋಟಿ ಕಳೆದು ಉಳಿದದ್ದಷ್ಟೇ ಲಾಭ. ಸ್ವಂತ ಆವರಣದಲ್ಲಿ ಬೆಳೆದ ಆಟಗಾರನಿಗಾದರೋ ಪುಸ್ತಕದಲ್ಲಿ ಬೆಲೆಯೇ ಇಲ್ಲ. ಅವನ ತರಬೇತಿಯ ಖರ್ಚು ಆಯಾ ವರ್ಷವೇ ಲಾಭ-ನಷ್ಟ ಖಾತೆಗೆ ಹೋಗಿರುತ್ತದೆ. ಅವನನ್ನು ಮಾರಿದಾಗ ಬಂದದ್ದೆಲ್ಲ ಲಾಭ. ಮ್ಯಾಂಚೆಸ್ಟರಿನಲ್ಲಿಯೇ ಹುಟ್ಟಿ ಬಾಲ್ಯದಿಂದ ಈ ಕ್ಲಬ್ಬಿನಲ್ಲಿ ಬೆಳೆದ ಕೋಲ್ ಪಾಮರ್ 2023ರ ಸೆಪ್ಟೆಂಬರಿನಲ್ಲಿ ಸುಮಾರು 4 ಕೋಟಿ ಪೌಂಡ್‌ಗೆ ಚೆಲ್ಸಿ ಕ್ಲಬ್ಬಿಗೆ ಹೋದಾಗ ಆದದ್ದು ಇದೇ. ಅವರು ಅಲ್ಲಿ ಮಿಂಚಿದ ರೀತಿಯನ್ನು ಕಂಡವರು ಮಾರಾಟ ಅವಸರದ್ದೆಂದು ಹೇಳಿದರು. ಪುಸ್ತಕದ ಲಾಭ ದೊಡ್ಡದಾದ ಮಾತ್ರಕ್ಕೆ ಮಾರಾಟ ಒಳ್ಳೆಯದೆಂದಲ್ಲ ಎಂಬುದೂ ಇಲ್ಲಿಯ ಪಾಠವೇ.

ಸುತ್ತಲಿನ ಕಟ್ಟಡಗಳು

2022-23ರಲ್ಲಿ ಕ್ಲಬ್ ಮೂರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದಿತು. ಆ ವರ್ಷದ ಆದಾಯ 71.28 ಕೋಟಿ ಪೌಂಡ್. ಇದರಲ್ಲಿ ಪಂದ್ಯದ ದಿನದ ಆದಾಯ 7.19 ಕೋಟಿ, ಪ್ರಸಾರದ ಹಣ 29.94 ಕೋಟಿ, ಪ್ರಾಯೋಜಕರು ಮೊದಲಾದ ವಾಣಿಜ್ಯ ಆದಾಯ 34.14 ಕೋಟಿ. ಟಿಕೆಟ್ಟಿನ ಕಿಟಕಿಯಿಂದ ಬರುವುದು ನೂರಕ್ಕೆ ಹತ್ತು ಮಾತ್ರ. ಕ್ರೀಡಾಂಗಣವನ್ನು ವರ್ಷದ ಉಳಿದ ದಿನಗಳಲ್ಲಿ ದುಡಿಸುವುದು ಹೇಗೆ ಎಂಬುದು ಆದ್ದರಿಂದ ಕ್ಲಬ್ಬಿನ ಮುಂದಿನ ಪ್ರಶ್ನೆಯಾಯಿತು. 2013ರಲ್ಲಿ ಟ್ರಾಮ್ ಗಾಡಿಯ ನಿಲ್ದಾಣ ಬಾಗಿಲಿಗೇ ಬಂದುದು ಇದಕ್ಕೆ ಅನುಕೂಲವಾಯಿತು.

ಆದರೆ ಈ ಆವರಣದಲ್ಲಿ ಕೈಗೊಂಡದ್ದೆಲ್ಲ ಕೈಗೂಡಲಿಲ್ಲ. 2007ರ ಜನವರಿಯಲ್ಲಿ ಬ್ರಿಟನ್ನಿನ ಏಕೈಕ ಬೃಹತ್ ಜೂಜುಕೇಂದ್ರಕ್ಕೆ ಇದೇ ಪ್ರದೇಶ ಆಯ್ಕೆಯಾಯಿತು. ಅದೇ ಮಾರ್ಚಿಯಲ್ಲಿ ಮೇಲ್ಮನೆ ತಡೆಯಿತು, 2008ರಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಕ್ರೀಡಾಕೂಟದ ನೆನಪಿಗೆಂದು ಕ್ರೀಡಾಂಗಣದ ಬಳಿ 2005ರಲ್ಲಿ ನಿಲ್ಲಿಸಿದ 56 ಮೀಟರ್ ಎತ್ತರದ ಉಕ್ಕಿನ ಶಿಲ್ಪಕ್ಕೆ ತಗುಲಿದ್ದು ಸುಮಾರು 14.2 ಲಕ್ಷ ಪೌಂಡ್. ಅದರ ಮುಳ್ಳುಗಳು ಉದುರತೊಡಗಿದವು. ಪಾಲಿಕೆ ದಾವೆ ಹೂಡಿ, 2008ರಲ್ಲಿ ನ್ಯಾಯಾಲಯದ ಹೊರಗೆ 17 ಲಕ್ಷ ಪೌಂಡ್ ಪರಿಹಾರಕ್ಕೆ ರಾಜಿಯಾಯಿತು. 2009ರಲ್ಲಿ ಶಿಲ್ಪವನ್ನು ಬಿಚ್ಚಲಾಯಿತು. 2012ರಲ್ಲಿ ಅದರ ತಿರುಳು 17 ಸಾವಿರ ಪೌಂಡ್‌ಗೆ ಗುಜರಿ ಸೇರಿತು. ಕರಾರಿನಲ್ಲಿ ಹೊಣೆ ಸ್ಪಷ್ಟವಾಗಿದ್ದುದರಿಂದ ಮಾನ ಹೋದರೂ ಹಣ ಉಳಿಯಿತು.

ದೊಡ್ಡ ಹೂಡಿಕೆ ಬಂದದ್ದು 2024ರಲ್ಲಿ. ಕ್ಲಬ್ಬಿನ ಮಾತೃಸಂಸ್ಥೆ ಅಮೆರಿಕದ ಓಕ್ ವ್ಯೂ ಗ್ರೂಪಿನೊಡನೆ ಸೇರಿ, ಕ್ರೀಡಾಂಗಣದ ಪಕ್ಕದಲ್ಲಿ 23,500 ಜನ ಹಿಡಿಸುವ ಸಂಗೀತ ಸಭಾಂಗಣವನ್ನು 36.5 ಕೋಟಿ ಪೌಂಡ್ ವೆಚ್ಚದಲ್ಲಿ ಕಟ್ಟಿತು. ಹೆಸರು ಕೋ-ಆಪ್ ಲೈವ್. ಲೆಕ್ಕಾಚಾರ ಸರಿಯಾಗಿತ್ತು: ಪಂದ್ಯ ಮೂವತ್ತು ದಿನ, ಸಂಗೀತ ವರ್ಷವಿಡೀ. ಆದರೆ ಕೆಲಸ ಮುಗಿಯುವ ಮೊದಲೇ ಮುಹೂರ್ತ ಸಾರಲಾಗಿತ್ತು. ಏಪ್ರಿಲ್ 23ರ ಉದ್ಘಾಟನೆ ವಿದ್ಯುತ್ ವ್ಯವಸ್ಥೆ ಸಿದ್ಧವಾಗದೆ ಮುಂದೆ ಹೋಯಿತು. ಮೇ 1ರಂದು ಜನ ಹೊರಗೆ ಕಾಯುತ್ತಿದ್ದಾಗ ಗಾಳಿಯಾಡಿಸುವ ವ್ಯವಸ್ಥೆಯ ಭಾಗವೊಂದು ಮೇಲಿನಿಂದ ಬಿದ್ದು ಕಾರ್ಯಕ್ರಮ ರದ್ದಾಯಿತು. ಮುಖ್ಯ ವ್ಯವಸ್ಥಾಪಕರು ಅದಕ್ಕೆ ಮೊದಲೇ ರಾಜೀನಾಮೆ ಕೊಟ್ಟಿದ್ದರು. ಟೇಕ್ ದಟ್ ತಂಡದ ಸಂಗೀತ ಕಛೇರಿಗಳು ಊರಿನ ಹಳೆಯ ಸಭಾಂಗಣಕ್ಕೆ, ಅಂದರೆ ನೇರ ಪ್ರತಿಸ್ಪರ್ಧಿಯ ಮನೆಗೆ ಹೋದವು. ಕೊನೆಗೆ ಮೇ 14ರಂದು ಬಾಗಿಲು ತೆರೆಯಿತು. ಸರಕು ಸಿದ್ಧವಾಗುವ ಮೊದಲೇ ವಿತರಣೆಯ ದಿನಾಂಕ ಕೊಟ್ಟು ಗಿರಾಕಿಯನ್ನು ಎದುರಂಗಡಿಗೆ ಕಳಿಸಿದ ಅನುಭವ ನಮ್ಮಲ್ಲೂ ಅಪರೂಪವಲ್ಲ.

ಗೇಟಿನ ಹೊರಗಿನ ವ್ಯಾಪಾರಿ

ನಮ್ಮ ಸದಸ್ಯರಲ್ಲಿ ಬಹುತೇಕರು ಕ್ರೀಡಾಂಗಣ ಕಟ್ಟುವವರಲ್ಲ. ಅದರ ಗೇಟಿನ ಹೊರಗೆ ಅಂಗಡಿ ಇಡುವವರು. ಅವರ ಲೆಕ್ಕವೇನು? ಮೇನ್ ರೋಡ್ ಮೈದಾನ ಮನೆಗಳ ಸಾಲಿನ ನಡುವೆ ಇತ್ತು. ಸುತ್ತಲಿನ ಪಬ್ಬು, ಕರಿದ ತಿನಿಸಿನ ಅಂಗಡಿಗಳು ಪಂದ್ಯದ ದಿನವನ್ನು ನೆಚ್ಚಿದ್ದವು. 2003ರಲ್ಲಿ ಕ್ಲಬ್ ಹೊರಟಾಗ ಆ ಗಿರಾಕಿಯೂ ಹೊರಟ. ಹೊಸ ಜಾಗದಲ್ಲಿ ವ್ಯಾಪಾರ ಬೆಳೆಯಿತು, ಆದರೆ ಅದರ ಸ್ವರೂಪ ಬೇರೆ. 2023ರಲ್ಲಿ ಆರಂಭವಾದ ಉತ್ತರ ಗ್ಯಾಲರಿಯ 30 ಕೋಟಿ ಪೌಂಡ್ ಯೋಜನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆಸನಗಳನ್ನು 60 ಸಾವಿರಕ್ಕೂ ಮೇಲೆ ಒಯ್ಯುವುದರ ಜೊತೆಗೆ 400 ಕೊಠಡಿಗಳ ಹೋಟೆಲು, ವಸ್ತುಸಂಗ್ರಹಾಲಯ, ದೊಡ್ಡ ಮಳಿಗೆ, ಮೂರು ಸಾವಿರ ಅಭಿಮಾನಿಗಳು ಸೇರುವ ಚಾವಣಿಯುಳ್ಳ ಅಂಗಳ ಎಲ್ಲವೂ ಅದರಲ್ಲಿವೆ. ಹಿಂದೆ ಬೀದಿಯಲ್ಲಿ ಖರ್ಚಾಗುತ್ತಿದ್ದ ಹಣವನ್ನು ಗೇಟಿನ ಒಳಗೇ ಖರ್ಚು ಮಾಡಿಸುವ ಏರ್ಪಾಡಿದು. ದೊಡ್ಡ ಸಂಸ್ಥೆ ಬಂದರೆ ಸುತ್ತಲಿನ ವ್ಯಾಪಾರ ತಾನಾಗಿಯೇ ಬೆಳೆಯುತ್ತದೆ ಎಂಬ ನಂಬಿಕೆಗೆ ಇಲ್ಲಿ ಪೂರ್ಣ ಆಧಾರವಿಲ್ಲ. ಜನ ಎಷ್ಟು ಬರುತ್ತಾರೆ ಎಂಬುದರ ಜೊತೆಗೆ, ಅವರು ಯಾವ ದಾರಿಯಿಂದ ನಡೆದು ಹೋಗುತ್ತಾರೆ ಎಂಬುದೂ ಮುಖ್ಯ.

ಸಾರ್ವಜನಿಕರ ಪಾಲಿನ ಬಗೆಗೂ ವಿವಾದವಿದೆ. ಕ್ಲಬ್ಬಿನ ಒಡೆಯರ ಸಂಸ್ಥೆಯೂ ಪಾಲಿಕೆಯೂ ಸೇರಿ 2014ರಲ್ಲಿ ವಸತಿ ನಿರ್ಮಾಣದ ಪಾಲುದಾರಿಕೆ ಮಾಡಿಕೊಂಡವು. ಪಾಲಿಕೆ ಜಮೀನನ್ನು 999 ವರ್ಷಗಳ ಗುತ್ತಿಗೆಗೆ ಕಡಿಮೆ ಬೆಲೆಗೆ ಕೊಟ್ಟಿತೆಂದು ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಟೀಕಿಸಿದರು. ಪಾಲಿಕೆ ಅದನ್ನು ಒಪ್ಪಲಿಲ್ಲ. ಯಾರೂ ಬಾರದ ನೆಲಕ್ಕೆ ಹೂಡಿಕೆ ತಂದೆವೆಂಬುದು ಅದರ ವಾದ. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಪಾಳುಬಿದ್ದಾಗಿನ ಬೆಲೆಯಲ್ಲಿ ಕೊಟ್ಟ ನೆಲಕ್ಕೆ ಬೆಳೆದಾಗಿನ ಬೆಲೆಯಲ್ಲಿ ಪಾಲು ಬೇಕಾದರೆ, ಪಾಳುಬಿದ್ದಾಗಲೇ ಅದನ್ನು ಕರಾರಿನಲ್ಲಿ ಬರೆಸಿಕೊಂಡಿರಬೇಕು.

ನಮ್ಮ ವಹಿವಾಟಿಗೆ ನಾಲ್ಕು ಸೂಚನೆಗಳು

ಒಂದು: ಗೋದಾಮು, ಶೀತಲಗೃಹ, ವಾಣಿಜ್ಯ ಸಂಕೀರ್ಣ ಏನನ್ನೇ ಕಟ್ಟುವವರು ನಕ್ಷೆಗೆ ಮೊದಲು ಬಾಡಿಗೆದಾರನನ್ನು ಹುಡುಕಬೇಕು. ಕಟ್ಟಿದ ಮೇಲೆ ಹುಡುಕುವವನು ಲಂಡನ್ನಿನ ಸಾಲಿಗೆ ಸೇರುತ್ತಾನೆ.

ಎರಡು: ಬಾಡಿಗೆದಾರ ದುರ್ಬಲನಾದರೆ ಮಾರಾಟದ ಪಾಲು, ಪ್ರಬಲನಾದರೆ ನಿಗದಿತ ಬಾಡಿಗೆ ಸಹಜ. ಯಾವುದೇ ಇರಲಿ, ಇಷ್ಟು ವರ್ಷಕ್ಕೊಮ್ಮೆ ಇಂತಹ ಆಧಾರದ ಮೇಲೆ ಪರಿಷ್ಕರಣೆ ಎಂಬ ವಾಕ್ಯವನ್ನು ಬಿಡಬಾರದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂಬುದು ಕಾನೂನು. ನೋಂದಣಿಯ ಖರ್ಚು ಉಳಿಸಲು ಹನ್ನೊಂದು ತಿಂಗಳ ಕಾಗದ ಬರೆದು ಲಕ್ಷಾಂತರ ರೂಪಾಯಿಯ ಸಜ್ಜು ಮಾಡಿಸುವ ಬಾಡಿಗೆದಾರ ತನ್ನ ಹೂಡಿಕೆಯನ್ನು ಮಾಲೀಕನ ಮರ್ಜಿಗೆ ಒಪ್ಪಿಸಿದಂತೆ.

ಮೂರು: ಗೋಡೆ, ಅಂಗಳ, ಚಾವಣಿ, ಹೆಸರಿನ ಫಲಕ ಇವಕ್ಕೆಲ್ಲ ಬೆಲೆಯಿದೆ. ಮ್ಯಾಂಚೆಸ್ಟರಿನ ಮೂಲ ಕರಾರಿನ ಹೊತ್ತಿಗೆ ಸಣ್ಣದಾಗಿ ಕಂಡ ಹೆಸರಿನ ಹಕ್ಕು ಹನ್ನೆರಡು ವರ್ಷಗಳಲ್ಲಿ ದೊಡ್ಡ ಆಸ್ತಿಯಾಯಿತು. ಯಾವ ಹಕ್ಕು ಯಾರದೆಂದು ಇಂದೇ ಬರೆದಿಡಬೇಕು.

ನಾಲ್ಕು: ದೊಡ್ಡ ಸಂಸ್ಥೆಯೊಂದು ನಿಮ್ಮ ಪಕ್ಕಕ್ಕೆ ಬರುತ್ತಿದ್ದರೆ ಅದರ ಪೂರ್ಣ ಯೋಜನೆಯನ್ನು ತರಿಸಿಕೊಂಡು ಓದಬೇಕು. ಅದು ಒಳಗೇ ಮಾರಲಿರುವುದನ್ನು ನೀವು ಹೊರಗೆ ಮಾರಹೋಗಬಾರದು. ಅದು ಮಾಡಲಾರದ್ದನ್ನು, ಅಥವಾ ಅದಕ್ಕೇ ಬೇಕಾದದ್ದನ್ನು ಪೂರೈಸುವವನಿಗೆ ವರ್ಷವಿಡೀ ಕೆಲಸವಿರುತ್ತದೆ.

ಮೂರನೆಯ ದರ್ಜೆಯಲ್ಲಿದ್ದ ಕ್ಲಬ್ ಹತ್ತೇ ವರ್ಷಗಳಲ್ಲಿ ಲೋಕದ ಶ್ರೀಮಂತ ಕ್ಲಬ್ಬುಗಳ ಸಾಲಿಗೆ ಸೇರುತ್ತದೆಂದು 1999ರಲ್ಲಿ ಪಾಲಿಕೆಯ ಯಾವ ಅಧಿಕಾರಿಯೂ ಊಹಿಸಿರಲಾರ. ಎದುರು ಕುಳಿತ ಬಡ ಬಾಡಿಗೆದಾರ ನಾಳೆ ಕೋಟ್ಯಧೀಶನಾದರೆ ಈ ಕಾಗದ ನನಗೆ ಏನು ಕೊಡುತ್ತದೆ, ದಿವಾಳಿಯಾದರೆ ಏನು ಉಳಿಸುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸಹಿಗೆ ಮೊದಲು ಕೇಳಿಕೊಂಡವರ ಕಡತಗಳು ವಕೀಲರ ಕಪಾಟಿಗೆ ಹೋಗುವುದು ಕಡಿಮೆ.